ನಾಯಕ ಬೇಕಾಗಿಲ್ಲ
ಗುಂಪು ಚಲನೆ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಹಕ್ಕಿ ಹಿಂಡು ಒಂದಾಗಿ ತಿರುಗಲು ನಾಯಕ ಬೇಕೇ ಬೇಕು ಎಂದಿದ್ದೀರಿ. ಅದನ್ನು ನಾನು ಒಪ್ಪುವುದಿಲ್ಲ.

1995ರಲ್ಲಿ ಹಂಗೇರಿಯ ಭೌತವಿಜ್ಞಾನಿ ತಮಾಶ್ ವಿಚೆಕ್ ಮತ್ತು ಸಂಗಡಿಗರು ಇಂಥ ಚಲನೆಗೆ ಒಂದು ಸರಳ ಗಣಿತ ಮಾದರಿ ಕೊಟ್ಟರು. ಅದರಲ್ಲಿ ಹಕ್ಕಿಗಳ ಜಾಗದಲ್ಲಿ ಓಡಾಡುವ ಕಣಗಳಿವೆ. ಎಲ್ಲ ಕಣಗಳ ವೇಗವೂ ಒಂದೇ. ಪ್ರತಿ ಕಣ ಸುತ್ತಲಿನವುಗಳ ಸರಾಸರಿ ದಿಕ್ಕು ಹಿಡಿಯುತ್ತದೆ, ಸ್ವಲ್ಪ ಆಚೀಚೆ ತಪ್ಪುತ್ತದೆ. ಅಷ್ಟೇ! ಆ ತಪ್ಪು ಕಡಿಮೆಯಿದ್ದು ಕಣಗಳು ಒತ್ತಾಗಿದ್ದರೆ ಗುಂಪೆಲ್ಲ ಒಂದೇ ಕಡೆ ಹೊರಡುತ್ತದೆ. ಎಲ್ಲ ದಿಕ್ಕೂ ಸಮ ಎನ್ನುವ ಸಮಮಿತಿ ತಾನಾಗಿಯೇ ಮುರಿಯುತ್ತದೆ. ಎಷ್ಟು ಚೆಂದ ಅಲ್ವಾ? ಇದೇ ಕಣಗಳು ಸಮತಲದಲ್ಲಿ ನಿಂತಲ್ಲೇ ನಿಂತು ದಿಕ್ಕು ಮಾತ್ರ ಬದಲಿಸುತ್ತಿದ್ದರೆ ಇಷ್ಟು ದೂರದವರೆಗೆ ಒಂದಾಗಲಾರವು. ಓಡಾಡುತ್ತಾ ಅಕ್ಕಪಕ್ಕದ ಕಣಗಳನ್ನು ಬದಲಿಸುವುದೇ ಇಲ್ಲಿ ಮುಖ್ಯ.

ರೋಮ್‌ನ ಸ್ಟಾರ್ಲಿಂಗ್ ಎಂಬ ಹಕ್ಕಿಗಳ ಹಿಂಡುಗಳ ಫೋಟೋ ತೆಗೆದು ಅಳೆದವರ ಫಲಿತಾಂಶ 2008ರಲ್ಲಿ ಬಂತು. ಹಕ್ಕಿಗಳ ನಡುವಿನ ಅಂತರ ಎಷ್ಟೇ ಇರಲಿ, ಒಂದು ಹಕ್ಕಿ ಲೆಕ್ಕಕ್ಕೆ ತೆಗೆದುಕೊಳ್ಳುವುದು ಹತ್ತಿರದ ಆರೇಳು ಹಕ್ಕಿಗಳನ್ನು ಮಾತ್ರ. ಇದನ್ನೂ ದಯವಿಟ್ಟು ಲೇಖನದಲ್ಲಿ ಸೇರಿಸಿ.