ಮೋರ್ ಅಂದ್ರೆ ಪ್ಲಸ್ಸಾ?

ಮೊನ್ನೆ ರಾತ್ರಿ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದಾಗ ಎರಡನೇ ಕ್ಲಾಸಿನ ನನ್ನ ಮಗಳು ಹೋಂವರ್ಕ್ ಮುಂದಿಟ್ಟುಕೊಂಡು ಕೂತಿದ್ದಳು. ಲೆಕ್ಕ ಇಷ್ಟೇ. ರವಿ ಹತ್ತಿರ 15 ಗೋಲಿ, ಸೀತಾ ಹತ್ತಿರ 9 ಗೋಲಿ, ರವಿ ಹತ್ತಿರ ‘ಹೌ ಮೆನಿ ಮೋರ್’ ಅಂತ. ಅವಳು 24 ಅಂತ ಬರೆದಿದ್ದಳು. ಕೆಳಗೆ ಸ್ಕೇಲ್ ಹಿಡಿದು ಎರಡು ಗೆರೆ ಬೇರೆ ಎಳೆದಿದ್ದಳು.

"ಇದು ಹೆಂಗ ಬಂತವಾ?"

"ಕೂಡಿಸೇನಿ ಅಪ್ಪಾ. ಮೋರ್ ಅಂದ್ರ ಪ್ಲಸ್. ಮಿಸ್ ಹೇಳ್ಯಾರ."

ಪುಸ್ತಕ ಬದಿಗೆ ಸರಿಸಿದೆ. ನಿನ್ನ ಕಡೆ 15 ಪೇರಲಹಣ್ಣು ಅದಾವು, ತಮ್ಮನ ಕಡೆ 9 ಅದಾವು, ನಿನ್ನ ಕಡೆ ಎಷ್ಟು ಜಾಸ್ತಿ ಅದಾವು ಅಂತ ಕೇಳಿದೆ. "ಆರು" ಅಂದಳು. ಬೆರಳು ಕೂಡ ಎಣಿಸಲಿಲ್ಲ. ಆಮೇಲೆ ಪುಸ್ತಕ ನೋಡಿ, ನನ್ನ ಮುಖ ನೋಡಿ, "ಆದ್ರ ಇಲ್ಲಿ ಮೋರ್ ಐತಲ್ಲ?" ಅಂದಳು.

ಲೆಕ್ಕ ಬರುತ್ತೆ. ಬಾರದೇ ಇರೋದು ಇಂಗ್ಲಿಷ್. ಆದರೆ ಕೆಂಪು ಗೀಟು ಬೀಳೋದು ಮಾತ್ರ ಗಣಿತದ ನೋಟ್‌ಬುಕ್ಕಿನಲ್ಲಿ.

ಇಷ್ಟು ಓದಿ ಯಾರಾದರೂ "ಮತ್ಯಾಕ ಇಂಗ್ಲಿಷ್ ಮೀಡಿಯಂಗೆ ಹಾಕಿದ್ರಿ ಸರ್" ಅಂತ ಕೇಳೇ ಕೇಳ್ತೀರಿ. ಕೇಳಬೇಕಾದ ಪ್ರಶ್ನೆಯೇ. ನಾನು ಮುಂಡರಗಿ ತಾಲೂಕಿನ ಒಂದು ಹಳ್ಳಿಯವನು. ನಾನು ಒಂದನೇತ್ತೆಗೆ ಹೋಗುವಾಗ ಅದು ಧಾರವಾಡ ಜಿಲ್ಲೆ, ಗದಗ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಎಬಿಸಿಡಿ ಕಂಡದ್ದೇ ಐದನೇತ್ತೆಯಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆ ಮಾರ್ಕ್ಸ್ ಬಂತು ಅಂತ ಅಪ್ಪ ಧಾರವಾಡದಲ್ಲಿ ಪಿಯುಸಿ ಸೈನ್ಸ್‌ಗೆ ಹಾಕಿದರು. ಮೊದಲ ದಿನ ಫಿಸಿಕ್ಸ್ ಲೆಕ್ಚರರ್ 'ಆಕ್ಸಲರೇಶನ್' ಅಂದರು. ಮೂರು ವಾರ ಆದ ಮೇಲೆ ಗೊತ್ತಾಯಿತು, ಅದು ನಾನು ಹತ್ತನೇತ್ತೆಯಲ್ಲಿ ಉರು ಹೊಡೆದಿದ್ದ ವೇಗೋತ್ಕರ್ಷವೇ ಅಂತ. ಹೇಳೋಕೆ ಯಾರಿಗೂ ಪುರುಸೊತ್ತಿರಲಿಲ್ಲ, ಕೇಳೋಕೆ ನನಗೆ ನಾಚಿಕೆ. ಹಾಸ್ಟೆಲ್‌ನಲ್ಲಿ ನನ್ನ ರೂಮಿನಲ್ಲಿದ್ದ ನಾಲ್ವರಲ್ಲಿ ಇಬ್ಬರು ದಸರಾ ರಜೆಗೆ ಊರಿಗೆ ಹೋದವರು ವಾಪಸ್ ಬರಲಿಲ್ಲ, ಊರ ಹತ್ತಿರವೇ ಆರ್ಟ್ಸ್ ಸೇರಿಕೊಂಡರು. ನನಗಿಂತ ಜಾಣರು ಅವರು. ಹಾಗಾಗಿ ಕನ್ನಡ ಮೀಡಿಯಂ ಅಂದರೆ ಬರೀ ಬಂಗಾರ ಅಂತ ಯಾರಾದರೂ ಭಾಷಣ ಮಾಡಿದರೆ ನನಗೆ ಆ ಎರಡು ಖಾಲಿ ಕಾಟು ನೆನಪಾಗುತ್ತೆ.

ಮಗಳಿಗೆ ಇದು ಬೇಡ ಅಂತ ಇಂಗ್ಲಿಷ್ ಮೀಡಿಯಂಗೆ ಹಾಕಿದೆ. ಈಗ ಅದೇ ಪಾಡು ಅವಳಿಗೆ ಪಿಯುಸಿ ಬದಲು ಎರಡನೇ ಕ್ಲಾಸಿನಲ್ಲೇ ಬಂದಿದೆ. ಅಷ್ಟೇ ವ್ಯತ್ಯಾಸ.

ಹೋದ ವರ್ಷ ಪೇರೆಂಟ್ಸ್ ಮೀಟಿಂಗಿನಲ್ಲಿ "ಮನ್ಯಾಗ ಇಂಗ್ಲಿಷ್ ಮಾತಾಡ್ರಿ, ಆವಾಗ ಫ್ಲುಯೆಂಟ್ ಆಗ್ತಾಳ" ಅಂದರು. ನಾನೂ ನನ್ನ ಹೆಂಡತಿಯೂ ಹದಿನೈದು ದಿನ ಮಾಡಿ ನೋಡಿದೆವು. ನಮ್ಮ ಹತ್ತಿರ ಇದ್ದ ಇಂಗ್ಲಿಷ್ ಎಷ್ಟು ಅಂತ ಆಗ ಗೊತ್ತಾಯಿತು. ಕಮ್, ಸಿಟ್, ಈಟ್, ವಾಶ್ ಹ್ಯಾಂಡ್, ಡೋಂಟ್ ಟಚ್. ನಾಯಿ ಸಾಕಿದವರು ನಾಯಿಗೆ ಹೇಳೋ ಅಷ್ಟು. ಬೈಯೋಕೂ ಸಾಲಲ್ಲ, ಮುದ್ದು ಮಾಡೋಕಂತೂ ಸಾಲೋದೇ ಇಲ್ಲ. ಎಂಟ್ಹತ್ತು ದಿನಕ್ಕೆ ಅವಳು ಸಾಲಿ ಸುದ್ದಿ ಹೇಳೋದನ್ನೇ ಬಿಟ್ಟಳು. ಮೊದಲು ಬ್ಯಾಗ್ ಒಗೆದು ಚಪ್ಪಲಿ ಬಿಡೋ ಮುಂಚೆಯೇ ಯಾರು ಯಾರಿಗೆ ಹೊಡೆದರು, ಯಾರ ಡಬ್ಬಿಯಲ್ಲಿ ಏನಿತ್ತು ಎಲ್ಲ ಸುರಿಯುತ್ತಿದ್ದಳು. ಆ ಹದಿನೈದು ದಿನ ಏನು ಕೇಳಿದರೂ "ಎಸ್", "ನೋ", "ಫೈನ್". ಊರಿಂದ ನಮ್ಮವ್ವ ಫೋನ್ ಮಾಡಿದವಳು "ಯಾಕಲೇ ಹುಡುಗಿ ಸಪ್ಪಗದಾಳ, ಆರಾಮ ಇಲ್ಲೇನು?" ಅಂದಳು. ಅವತ್ತೇ ಬಿಟ್ಟೆವು.

ನಾವೀಗ ಇರೋ ಹುಬ್ಬಳ್ಳಿಯಲ್ಲಿ ಎರಡು ಭಾಷೆ ಹೊಸದೇನಲ್ಲ. ನನ್ನದು ಔಷಧ ಅಂಗಡಿ. ಡಾಕ್ಟರ್ ಚೀಟಿಯಲ್ಲಿ ದಿನಕ್ಕೆ ಎರಡು ಸಲಕ್ಕೆ 'ಬಿಡಿ', ಮೂರು ಸಲಕ್ಕೆ 'ಟಿಡಿಎಸ್' ಅಂತ ಬರೀತಾರೆ, ಅದು ಇಂಗ್ಲಿಷೂ ಅಲ್ಲ, ಲ್ಯಾಟಿನ್! ನಾನು "ಮುಂಜಾನೆ ಒಂದು, ಸಂಜೀಕ ಒಂದು" ಅಂತ ಕನ್ನಡದಲ್ಲಿ ಹೇಳ್ತೀನಿ. ಹಳೇ ಹುಬ್ಬಳ್ಳಿ ಕಡೆಯವರು ಬಂದರೆ ನನ್ನ ಹರಕು ಉರ್ದುವಿನಲ್ಲಿ ಹೇಳ್ತೀನಿ. ಪಕ್ಕದ ಅಂಗಡಿಯ ಸಾವಜಿ ಮನೆಯ ಹುಡುಗ ಅಪ್ಪನ ಜೊತೆ ಅವರ ಭಾಷೆ, ನನ್ನ ಜೊತೆ ಕನ್ನಡ, ಗಿರಾಕಿ ಜೊತೆ ಹಿಂದಿ, ಒಂದೇ ಉಸಿರಿನಲ್ಲಿ ಮಾತಾಡ್ತಾನೆ. ಅವನಿಗೆ ಯಾರೂ 'ಕನ್‌ಫ್ಯೂಸ್ ಆಗ್ತಾನ' ಅಂತ ಹೇಳಿಲ್ಲ. ಬೇಂದ್ರೆಯವರ ಮನೆಮಾತು ಮರಾಠಿ. ಗೋಕಾಕ್ ವರದಿ ಅಂತ ಕನ್ನಡಕ್ಕಾಗಿ ಇಡೀ ರಾಜ್ಯ ಬೀದಿಗಿಳಿಯಿತಲ್ಲ, ಆ ಸವಣೂರಿನ ಗೋಕಾಕರು ಪಾಠ ಮಾಡಿದ್ದು ಇಂಗ್ಲಿಷ್. ಭಾಷೆ ಎರಡಾದರೆ ಮಕ್ಕಳ ತಲೆ ಕೆಡುತ್ತೆ ಅನ್ನೋದು ಸುಮ್ನೆ ಮಾತು.

ಕೆಡೋದು ಒಂದು ಭಾಷೆ ಗಟ್ಟಿ ಆಗೋ ಮುಂಚೆ ಅದನ್ನು ಕಸಿದುಕೊಂಡಾಗ. ಕೆನಡಾದ ಜಿಮ್ ಕಮ್ಮಿನ್ಸ್ ಅನ್ನೋ ವಿದ್ವಾಂಸರು ವಲಸೆ ಬಂದ ಮಕ್ಕಳನ್ನು ನೋಡಿ ಹೇಳಿದ್ದು ಇದು: ಹೊಸ ಭಾಷೆಯಲ್ಲಿ ಆಟ, ಹರಟೆಯಷ್ಟು ಮಾತಾಡೋಕೆ ಮಗುವಿಗೆ ಸುಮಾರು ಎರಡು ವರ್ಷ ಸಾಕು, ಅದೇ ಭಾಷೆಯಲ್ಲಿ ಪಾಠ ಅರ್ಥ ಮಾಡಿಕೊಂಡು ಓದೋಕೆ ಐದರಿಂದ ಏಳು ವರ್ಷ ಬೇಕು. ಅದೂ ಸುತ್ತಲೂ ಆ ಭಾಷೆಯೇ ಇರೋ ದೇಶದಲ್ಲಿ. ನಮ್ಮಲ್ಲಿ 'ಮೇ ಐ ಗೋ ಟು ಟಾಯ್ಲೆಟ್ ಮಿಸ್' ಅಂದ ಕೂಡಲೇ ಇಂಗ್ಲಿಷ್ ಬಂತು ಅಂತ ಸಿಹಿ ಹಂಚ್ತೀವಿ.

ಕನ್ನಡದವರಾದ ನಾವೂ ಇದನ್ನೇ ಬೇರೆಯವರಿಗೆ ಮಾಡಿದ್ದೀವಿ, ಅದನ್ನೂ ಹೇಳಿಬಿಡ್ತೀನಿ. ನಮ್ಮ ಸಾಲಿಗೆ ತಾಂಡಾದಿಂದ ಲಂಬಾಣಿ ಹುಡುಗರು ಬರುತ್ತಿದ್ದರು. ಒಂದನೇತ್ತೆ ಪೂರ್ತಿ ಬಾಯಿ ಬಿಡುತ್ತಿರಲಿಲ್ಲ. ದಡ್ಡರು ಅಂತ ಹಿಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ಆಮೇಲೆ ಒಬ್ಬರು ಅಕ್ಕೋರು ಬಂದರು. ಕೊಡದ ಕಡೆ ಕೈ ಮಾಡಿ "ನೀವು ಪಾಣಿ ಅಂತೀರಿ, ನಾವು ನೀರು ಅಂತೀವಿ, ಎರಡೂ ಬರಕೋರಿ" ಅಂದರು. ಪಾಣಿ ಅನ್ನೋದನ್ನ ಕನ್ನಡ ಅಕ್ಷರದಲ್ಲೇ ಬರೆಸಿದರು. ದ್ವಿಭಾಷಾ ಶಿಕ್ಷಣ ಅನ್ನೋ ಹೆಸರು ಅವರಿಗೆ ಗೊತ್ತಿತ್ತೋ ಇಲ್ಲವೋ. ಹಿಂದಿನ ಸಾಲು ಮಾತಾಡೋಕೆ ಶುರು ಮಾಡಿತು.

2019ರ ಜನವರಿಯಲ್ಲಿ ಧಾರವಾಡ ಸಾಹಿತ್ಯ ಸಮ್ಮೇಳನದಲ್ಲಿ ಇದೇ ದೊಡ್ಡ ಜಗಳ ಆಗಿತ್ತು, ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮೀಡಿಯಂ ತೆರೀಬೇಕೋ ಬೇಡವೋ ಅಂತ. ಸಮ್ಮೇಳನ ನಡೆದ ಕೃಷಿ ವಿಶ್ವವಿದ್ಯಾಲಯದಲ್ಲಿ ಊಟದ ಸಾಲಿನಲ್ಲಿ ನಿಂತಾಗಲೂ ಅದೇ ಮಾತು. ಆ ವರ್ಷ ಶುರುವೂ ಆಯಿತು. ಮಾಧ್ಯಮ ಯಾವುದು ಅನ್ನೋದನ್ನ ಸರ್ಕಾರ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿತ್ತು, ಆ ಬಾಗಿಲು ಮುಚ್ಚಿದೆ. ನನಗೆ ಆಸೆ ಇರೋದು ಒಂದರ ಮೇಲೆ: ಸರ್ಕಾರಿ ಶಾಲೆಗಳಿಗೆ ಮಾಡಿರೋ ದ್ವಿಭಾಷಾ ಪುಸ್ತಕ. ಗಣಿತ, ಪರಿಸರ ಅಧ್ಯಯನ ಎರಡೂ ಭಾಷೆಯಲ್ಲಿ ಒಂದೇ ಪುಸ್ತಕದಲ್ಲಿವೆ. ನಮ್ಮ ಅಣ್ಣನ ಮಗನ ಹತ್ತಿರ ನೋಡಿದೆ. ಇಂಥದ್ದೊಂದು ನನ್ನ ಕೈಗೆ ಎಂಟನೇತ್ತೆಯಲ್ಲಿ ಸಿಕ್ಕಿದ್ದರೆ ವೇಗೋತ್ಕರ್ಷದ ಪಕ್ಕದಲ್ಲೇ ಆಕ್ಸಲರೇಶನ್ ಇರುತ್ತಿತ್ತು. ಆದರೆ ಪುಸ್ತಕ ಎರಡು ಭಾಷೆಯದಾದರೆ ಸಾಲದು, ಟೀಚರಿಗೆ ಎರಡನ್ನೂ ಬಳಸೋ ಧೈರ್ಯ ಬೇಕು. ಖಾಸಗಿ ಶಾಲೆಗಳಲ್ಲಂತೂ ಕ್ಲಾಸಿನಲ್ಲಿ ಕನ್ನಡ ಕೇಳಿಸಿದರೆ ಅಪರಾಧ.

ನಮ್ಮ ಮಿಸ್ ಮೇಲೆ ಸಿಟ್ಟು ಮಾಡಿಕೊಂಡು ಮಗಳ ಡೈರಿಯಲ್ಲಿ ಬರೆದೆ. ಕನ್ನಡದಲ್ಲೇ ಬರೆದೆ. 'ಮೋರ್' ಅಂದರೆ ಯಾವಾಗಲೂ ಕೂಡಿಸೋದಲ್ಲ, ಮಕ್ಕಳಿಗೆ ಒಂದು ಸಲ ಕನ್ನಡದಲ್ಲಿ ಬಿಡಿಸಿ ಹೇಳಿ ಅಂತ. ಮರುದಿನ ಉತ್ತರ ಬಂತು, ಕನ್ನಡದಲ್ಲೇ, ನೀಟಾದ ಅಕ್ಷರ. 'ಸರ್, ನಾನೂ ಕನ್ನಡ ಮಾಧ್ಯಮದಲ್ಲೇ ಓದಿದವಳು. ಹೇಳಬೇಕು ಅಂತ ಅನಿಸುತ್ತೆ. ಕ್ಲಾಸಿನಲ್ಲಿ ಕನ್ನಡ ಮಾತಾಡಿದರೆ ನಮ್ಮನ್ನು ಕರೆದು ಕೇಳ್ತಾರೆ.'

ಅದಕ್ಕೆ ಏನು ಬರೀಬೇಕು ಅಂತ ತಿಳಿಯಲಿಲ್ಲ. ಸಹಿ ಮಾಡಿ ಕಳಿಸಿದೆ.

ನಿನ್ನೆ ಸಂಜೆ ಮಗಳು ಬ್ಯಾಗ್ ಒಗೆದು ಓಡಿ ಬಂದಳು. "ಅಪ್ಪಾ, ಇವತ್ತ ಮಿಸ್ ಬಾಗ್ಲಾ ಮುಂದ ಮಾಡಿ ಗೋಲಿ ಲೆಕ್ಕಾ ಕನ್ನಡದಾಗ ಹೇಳಿದ್ರು. ಯಾರಿಗೂ ಹೇಳಬ್ಯಾಡ್ರಿ ಅಂದಾರ."