ಬರಿಗಾಲಲ್ಲಿ ಕರಾಟೆ ಮಾಡಿದರೆ ಸಕ್ಕರೆ ಕಾಯಿಲೆ ಹೋಗುತ್ತಾ?

ಹಾಸನದ ಕಡೆ ಮಕ್ಕಳನ್ನು ಕರಾಟೆಗೆ ಕಳಿಸುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಆಗಾಗ ಸುತ್ತುತ್ತದೆ. ಬರಿಗಾಲಲ್ಲಿ ಅಭ್ಯಾಸ ಮಾಡಿದರೆ ಸಕ್ಕರೆ ಕಾಯಿಲೆ ವಾಸಿ, ಶೂ ಹಾಕಿದರೆ ವಿದ್ಯೆಯೇ ಕೆಡುತ್ತದೆ ಅನ್ನೋದು ಅದರ ಸಾರ. ಎರಡೂ ನಿಜವಲ್ಲ.

ಕರಾಟೆ, ಜೂಡೊ ಬರಿಗಾಲಲ್ಲಿ ಕಲಿಯುವುದು ಜಪಾನಿನ ರೂಢಿ. ಅಲ್ಲಿ ಮನೆಯೊಳಗೂ ಶೂ ಬಿಟ್ಟೇ ಹೋಗುತ್ತಾರೆ. ಆದರೆ ಫ್ರಾನ್ಸಿನ ಕಾದಾಟದ ಆಟವಾದ ಸವಾತ್‌ನಲ್ಲಿ ಶೂ ಹಾಕಿಕೊಂಡೇ ಒದೆಯಬೇಕು. ಬಾಕ್ಸಿಂಗಿಗೂ ಶೂ ಇದೆ, ಅಲ್ವಾ?

ಚಿಂತೆಯ ವಿಷಯ ಸಕ್ಕರೆ ಕಾಯಿಲೆಯದ್ದು. ವ್ಯಾಯಾಮದಿಂದ ಸಕ್ಕರೆ ಹತೋಟಿಗೆ ಬರಲು ಸಹಾಯವಾಗುತ್ತದೆ, ಶೂ ಹಾಕಿದ್ದರೂ ಅಷ್ಟೇ. ಆದರೆ ಈ ಕಾಯಿಲೆಯಲ್ಲಿ ಕೆಲವರಿಗೆ ಪಾದ ಜೋಮು ಹಿಡಿದ ಹಾಗಿರುತ್ತದೆ. ಮುಳ್ಳು ಚುಚ್ಚಿದ್ದೂ ಗೊತ್ತಾಗದೆ ಗಾಯ ಕೀವಾಗಬಹುದು. ಅದಕ್ಕೇ ವೈದ್ಯರು ಅವರಿಗೆ ಬರಿಗಾಲು ಬೇಡ ಅನ್ನುವುದು. ಇನ್ನು ಮಳೆಗಾಲದ ಹಸಿ ಮಣ್ಣಿನಲ್ಲಿ ಕೊಕ್ಕೆಹುಳು ಅನ್ನುವ ಕರುಳಿನ ಹುಳುವಿನ ಮರಿಗಳಿದ್ದರೆ ಪಾದದ ಚರ್ಮದಿಂದಲೇ ಒಳಗೆ ಹೋಗುತ್ತವೆ.

ಇಂಥ ಮೆಸೇಜನ್ನು ಒಳ್ಳೇ ಮನಸ್ಸಿನಿಂದಲೇ ಕಳಿಸುತ್ತಾರೆ. ಅದು ನಿಜವೇ ಅಂತ ಪರೀಕ್ಷಿಸುವುದೂ ಕಷ್ಟವಿಲ್ಲ. ‘ವಿಜ್ಞಾನಿಗಳು ಹೇಳಿದ್ದಾರೆ’ ಅಂತಿದ್ದರೆ ಯಾರು, ಯಾವಾಗ ಅಂತ ನೋಡಿ. ಅದರ ಒಂದು ಸಾಲನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿ. ಶೂ ವಿಷಯಕ್ಕೆ ಆಯಾ ಆಟದ ನಿಯಮ ಪುಸ್ತಕವೇ ಸಾಕು. ಮಾತ್ರೆ ಬಿಡಿ ಅಂತ ಬರೆದಿದ್ದರೆ ಮಾತ್ರ ಸೀದಾ ನಿಮ್ಮ ಡಾಕ್ಟರಿಗೇ ತೋರಿಸಿ.