ಎಐ ಬರೆದ ಚಿತ್ರಕ್ಕೆ ಚೀಟಿ ಬೇಕೆ?

ಪರ: ಒಬ್ಬ ಡ್ರಾಯಿಂಗ್ ಮೇಷ್ಟ್ರು

ಕಳೆದ ತಿಂಗಳು ವಿರಾಜಪೇಟೆ ಕಡೆಯ ಒಂದು ಮದುವೆ ಕಾಗದ ಕೈಗೆ ಬಂತು. ಬಿಳಿ ಕುಪ್ಯ (ಕೊಡವರ ನಿಲುವಂಗಿ) ತೊಟ್ಟ ಗಂಡು, ಕೆಂಪು ಸೀರೆಯ ಹೆಣ್ಣು, ಹಿಂದೆ ಮಂಜು ಮುಸುಕಿದ ಬೆಟ್ಟ. ಚೆಂದವೇ ಇತ್ತು. ಕನ್ನಡಕ ಹಾಕಿ ನೋಡಿದರೆ ಸೀರೆಯ ನೆರಿಗೆ ಮುಂದಿದೆ! ಕೊಡವ ಸೀರೆಯ ನೆರಿಗೆ ಇರುವುದು ಹಿಂದೆ. ಪೀಚೆಕತ್ತಿ ಎಂಬ ಕಿರುಗತ್ತಿಯಂತೂ ಚೇಲೆಗೆ, ಅಂದರೆ ಸೊಂಟದ ವಸ್ತ್ರಕ್ಕೆ, ಸಿಕ್ಕಿಸದೆ ಗಾಳಿಯಲ್ಲಿ ತೇಲುತ್ತಿದೆ. ಯಾರು ಬರೆದದ್ದು ಎಂದು ಕೇಳಿದೆ. "ಕಂಪ್ಯೂಟರೇ ಬರೆದದ್ದು ಮೇಷ್ಟ್ರೇ" ಎಂದು ಹುಡುಗನ ಅಪ್ಪ ನಕ್ಕರು.

ನಾನೂ ನಕ್ಕೆ. ಆದರೆ ಈ ಚಿತ್ರ ನಾಳೆ ಇಂಟರ್‌ನೆಟ್ಟಿಗೆ ಹೋದರೆ, ಕೊಡಗಿನ ಉಡುಪು ಹುಡುಕುವ ದೂರದೂರಿನ ದರ್ಜಿಗೆ ಇದೇ ಮಾದರಿ. ಯಂತ್ರಕ್ಕೂ ಮುಂದಿನ ಪಾಠ ಇದೇ ಆಗಬಹುದು. ನಮ್ಮದು ಪುಟ್ಟ ಜಿಲ್ಲೆ, ಅಸಲಿ ಫೋಟೊಗಳೇ ಕಡಿಮೆ; ಇಂಥ ಹತ್ತು ಚಿತ್ರ ಸಾಕು, ಅಜ್ಜಿಯ ಸೀರೆಯೇ ತಪ್ಪು ಅನ್ನಿಸಲು.

ಅದಕ್ಕೇ ಇಂಥ ಚಿತ್ರದ ಮೇಲೆ ಯಂತ್ರ ಬರೆದದ್ದು ಎಂದು ಹೇಳುವ ಚೀಟಿ ಬೇಕು. ಅದು ಸರಳವಾಗಿಯೂ ಇರಬೇಕು. 2022ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯ ಮೇಳದ ಡಿಜಿಟಲ್ ಕಲಾ ವಿಭಾಗದಲ್ಲಿ ಜೇಸನ್ ಅಲೆನ್‌ಗೆ ಮೊದಲ ಬಹುಮಾನ ಬಂತು. 'ಮಿಡ್‌ಜರ್ನಿ ಮೂಲಕ' ಎಂದು ಬರೆದೇ ಚಿತ್ರ ಕೊಟ್ಟಿದ್ದರು. ಮಿಡ್‌ಜರ್ನಿ ಎಂದರೆ ಎಐ ಎಂಬುದು ತೀರ್ಪುಗಾರರಿಗೇ ಗೊತ್ತಿರಲಿಲ್ಲ. 'ಯಂತ್ರ ಬರೆದ ಚಿತ್ರ' ಎಂದು ಮೂಲೆಯಲ್ಲಿ ಹಾಕಲು ಏನು ಕಷ್ಟ?

ವಿರೋಧ: ಒಬ್ಬ ಫ್ಲೆಕ್ಸ್ ಅಂಗಡಿಯವ

ಆ ಕಾಗದ ನನ್ನ ಅಂಗಡಿಯದಲ್ಲ, ಆಗಿರಬಹುದಿತ್ತು. ಮೇಷ್ಟ್ರ ಸಿಟ್ಟು ನ್ಯಾಯವೇ. ಆದರೆ ಚೀಟಿ ಅಂಟಿಸಿದರೆ ನೆರಿಗೆ ಹಿಂದಕ್ಕೆ ಹೋಗುತ್ತದೆಯೇ? ತಿಳಿದವರಿಗೆ ತೋರಿಸಿ ತಿದ್ದಬೇಕು. ಕುಂಚ ಹಿಡಿದವರೂ ತಪ್ಪು ಬರೆಯುತ್ತಾರೆ, ಅವರಿಗೆ ಯಾವ ಚೀಟಿ?

ಗೆರೆ ಎಳೆಯುವುದಾದರೂ ಎಲ್ಲಿ? ಅಬ್ಬಿ ಜಲಪಾತದ ಫೋಟೊದಿಂದ ಸೆಲ್ಫಿ ಗುಂಪನ್ನು ಫೋನೇ ಅಳಿಸಿಬಿಡುತ್ತದೆ. ಉಳಿದದ್ದು ಫೋಟೊವೋ, ಎಐ ಚಿತ್ರವೋ? 2024ರಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ, ಸ್ವಲ್ಪ ತಿದ್ದಿದ ನಿಜವಾದ ಫೋಟೊಗಳಿಗೂ 'ಎಐನಿಂದ ಮಾಡಿದ್ದು' ಎಂಬ ಪಟ್ಟಿ ಅಂಟಿಸಿತು. ಛಾಯಾಗ್ರಾಹಕರು ರೇಗಿದ ಮೇಲೆ ಆ ಮಾತನ್ನೇ ಬದಲಿಸಬೇಕಾಯಿತು.

ಗುಡ್ಡ ಜರಿದಂತೆ ತೋರಿಸುವ ನಕಲಿ ಚಿತ್ರದ ಮಾತು ಬೇರೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದನ್ನು ಕಂಡವನು ನಾನು, ಅಲ್ಲಿ ಚೀಟಿ ಬೇಡ ಎನ್ನಲಾರೆ. ಆದರೆ ಸುಳ್ಳು ಹಬ್ಬಿಸುವವನು ಮೂಲೆ ಕತ್ತರಿಸಿಯೇ ವಾಟ್ಸಾಪಿಗೆ ಬಿಡುತ್ತಾನೆ. ಚೀಟಿ ಉಳಿಯುವುದು ನಾನು ಮಾಡಿದ ಹುತ್ತರಿ ಶುಭಾಶಯದ ಮೇಲೆ ಮಾತ್ರ. ಅದನ್ನು ಕಂಡ ಗಿರಾಕಿ "ಎಐ ತಾನೇ, ಇಷ್ಟು ದುಡ್ಡು ಯಾಕೆ?" ಅನ್ನುತ್ತಾನೆ. ನಾಲ್ಕು ಗಂಟೆ ಕೂತು ಬಣ್ಣ, ಅಕ್ಷರ ಸರಿಮಾಡಿದ್ದಕ್ಕೆ ಲೆಕ್ಕವೇ ಇಲ್ಲ.

2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಕರಡು ನಿಯಮದಲ್ಲಿ, ಇಂಥ ಚಿತ್ರದ ಕನಿಷ್ಠ 10% ಜಾಗ ಈ ಗುರುತಿಗೇ ಇರಬೇಕು ಎಂದಿತ್ತು. ಮದುವೆ ಕಾಗದದಲ್ಲಿ ಅಷ್ಟು ಜಾಗ ಸಿಕ್ಕರೆ ನಾನು ಎರಡೂ ಕಡೆಯ ಒಕ್ಕದ (ಮನೆತನದ) ಹೆಸರು ಹಾಕುತ್ತೇನೆ.